ಎದೆನೋವು ಶುರುವಾದಾಗ ಗಡಿಯಾರ ನೋಡಿ: ಹೃದಯದ ಸ್ನಾಯು ಉಳಿಸಿಕೊಳ್ಳುವುದು ಹೇಗೆ?

ಎದೆಯಲ್ಲಿ ನೋವು ಕಾಣಿಸಿಕೊಂಡಾಗ ಮನೆಯಲ್ಲಿ ನಡೆಯುವುದು ಸಾಮಾನ್ಯವಾಗಿ ಹೀಗೆ. "ಗ್ಯಾಸ್ ಇರಬೇಕು" ಅಂತ ಒಬ್ಬರು. "ಬಿಸಿ ನೀರು ಕುಡಿ, ಸರಿಹೋಗುತ್ತೆ" ಅಂತ ಇನ್ನೊಬ್ಬರು. ಎದೆ ತಿಕ್ಕುವುದು, ಸ್ವಲ್ಪ ಹೊತ್ತು ಮಲಗಿ ನೋಡುವುದು, ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ ಕೇಳುವುದು, ಕೊನೆಗೆ ಆಸ್ಪತ್ರೆಗೆ ಹೋಗೋಣ ಅಂತ ಎಲ್ಲರೂ ಒಪ್ಪಿದ ಮೇಲೂ "ಇರಿ, ಸ್ನಾನ ಮಾಡಿ ಬಂದುಬಿಡ್ತೀನಿ" ಅನ್ನುವುದು. ಅಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಆಸ್ಪತ್ರೆಗೆ ಹತ್ತೇ ನಿಮಿಷದ ದಾರಿ ಇದ್ದರೂ!

ಹೃದಯಕ್ಕೆ ರಕ್ತ ನಿಂತಾಗ, ಅಂದರೆ ಹಾರ್ಟ್ ಅಟ್ಯಾಕ್‌ನಲ್ಲಿ, ಆಗುವ ಹಾನಿಯ ಲೆಕ್ಕ ಶುರುವಾಗುವುದು ಆಸ್ಪತ್ರೆ ಬಾಗಿಲಲ್ಲಿ ಅಲ್ಲ, ನೋವು ಶುರುವಾದ ಗಳಿಗೆಯಲ್ಲಿ. ಆಮೇಲೆ ಮಾಡುವ ಚಿಕಿತ್ಸೆ ಎಷ್ಟೇ ದೊಡ್ಡದಿರಲಿ, ಸತ್ತ ಸ್ನಾಯುವನ್ನು ಅದು ವಾಪಸ್ ತರುವುದಿಲ್ಲ. ಹಾಗಾಗಿ ಈ ಹೆಜ್ಜೆಗಳನ್ನು ಆರೋಗ್ಯವಾಗಿರುವಾಗಲೇ ಓದಿಟ್ಟುಕೊಳ್ಳಿ.

ಮೊದಲು, ಒಳಗೆ ಏನಾಗುತ್ತದೆ?

ಹೃದಯದ ಕೋಣೆಗಳಲ್ಲಿ ಸದಾ ರಕ್ತ ತುಂಬಿರುತ್ತದೆ, ಆದರೆ ಅದರ ದಪ್ಪ ಗೋಡೆಗೆ ಆ ರಕ್ತ ದಕ್ಕುವುದಿಲ್ಲ. ಅದಕ್ಕೆ ಬೇಕಾದ ರಕ್ತ ಮೇಲ್ಮೈಯಲ್ಲಿ ಹರಡಿಕೊಂಡಿರುವ ಕೊರೊನರಿ ರಕ್ತನಾಳಗಳಿಂದಲೇ ಬರಬೇಕು. ಇನ್ನೊಂದು ತೊಂದರೆ ಇದೆ. ದೇಹದ ಬೇರೆ ಭಾಗಗಳು ಸುಮ್ಮನಿರುವಾಗ ರಕ್ತದಲ್ಲಿರುವ ಆಕ್ಸಿಜನ್‌ನಲ್ಲಿ ಸುಮಾರು ಕಾಲು ಭಾಗ ಮಾತ್ರ ತೆಗೆದುಕೊಳ್ಳುತ್ತವೆ. ಹೃದಯ ವಿಶ್ರಾಂತಿಯಲ್ಲೇ ಸುಮಾರು ಶೇ 70ರಷ್ಟು ಹೀರಿಬಿಡುತ್ತದೆ. ಅಂದರೆ ಉಳಿತಾಯ ಅನ್ನುವುದು ಬಹಳ ಕಡಿಮೆ. ದಿನಕ್ಕೆ ಲಕ್ಷ ಸಲ ಬಡಿಯುವ ಅಂಗಕ್ಕೆ ಕೈಯಿಂದ ಬಾಯಿಗೆ ಅನ್ನುವಂಥ ಬದುಕು.

ನಾಳದೊಳಗಿನ ಕೊಬ್ಬಿನ ಗಂಟು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಪೂರ್ತಿ ಮುಚ್ಚಿತು ಅಂದುಕೊಳ್ಳಿ. ಒಂದು ನಿಮಿಷದೊಳಗೆ ಆ ಭಾಗದ ಸ್ನಾಯು ಸರಿಯಾಗಿ ಹಿಂಡುವುದನ್ನು ನಿಲ್ಲಿಸುತ್ತದೆ. ಆದರೆ ಇನ್ನೂ ಸತ್ತಿರುವುದಿಲ್ಲ. ಸಾಯುವುದು ಶುರುವಾಗುವುದು ಸುಮಾರು 20 ನಿಮಿಷದ ನಂತರ. ಅದೂ ಒಂದೇ ಏಟಿಗೆ ಅಲ್ಲ. 1977ರಲ್ಲಿ ರೈಮರ್, ಜೆನಿಂಗ್ಸ್ ಮತ್ತು ಅವರ ಜೊತೆಯವರು ನಾಯಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಕಂಡದ್ದು ಇದು: ಸಾವು ಗೋಡೆಯ ಒಳಪದರದಲ್ಲಿ ಶುರುವಾಗಿ, ಗಂಟೆ ಕಳೆದಂತೆ ಅಲೆಯ ಹಾಗೆ ಹೊರಪದರದ ಕಡೆ ಸರಿಯುತ್ತದೆ. ಒಳಪದರ ರಕ್ತನಾಳದ ಮೂಲದಿಂದ ದೂರ, ಹಿಂಡಿಸಿಕೊಳ್ಳುವುದೂ ಅದೇ ಜಾಸ್ತಿ, ಹಾಗಾಗಿ ಮೊದಲ ಪೆಟ್ಟು ಅದಕ್ಕೆ.

ಇದರಲ್ಲಿ ಹೆದರಿಕೆಯೂ ಇದೆ, ಧೈರ್ಯವೂ ಇದೆ. ಮೊದಲ ಎರಡು ಮೂರು ಗಂಟೆಯಲ್ಲಿ ದಾರಿ ತೆರೆದರೆ ಗೋಡೆಯ ಬಹುಪಾಲು ಉಳಿಯಬಹುದು. ಹಾಗಂತ ನಾಲ್ಕೈದು ಗಂಟೆ ಆಗಿಹೋಗಿದ್ದರೆ "ಇನ್ನೇನು, ಆಗಿದ್ದು ಆಯಿತು, ಬೆಳಿಗ್ಗೆ ನೋಡೋಣ" ಅನ್ನಬೇಡಿ. ಕೆಲವರಿಗೆ ಪಕ್ಕದ ಸಣ್ಣ ನಾಳಗಳಿಂದ ಒಂದಿಷ್ಟು ರಕ್ತ ಬರುತ್ತಿರುತ್ತದೆ, ಕೆಲವರಲ್ಲಿ ಹೆಪ್ಪು ಬಿಟ್ಟು ಬಿಟ್ಟು ಮುಚ್ಚುತ್ತಿರುತ್ತದೆ. 12 ಗಂಟೆಯವರೆಗೂ ದಾರಿ ತೆರೆಯುವುದರಿಂದ ಲಾಭ ಇದೆ, ನೋವು ಮುಂದುವರಿದಿದ್ದರೆ ಆಮೇಲೂ ಇರಬಹುದು.

ಹೆಜ್ಜೆ 1: ಗುರುತು ಹಿಡಿಯಿರಿ

ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದು ದೊಪ್ಪನೆ ಬೀಳುವುದು ಅಪರೂಪ. ಬಹಳ ಜನ ಅದನ್ನು ನೋವು ಅಂತಲೂ ಕರೆಯುವುದಿಲ್ಲ. ಎದೆ ಮೇಲೆ ಕಲ್ಲು ಹೇರಿದ ಹಾಗೆ, ಒತ್ತಿದ ಹಾಗೆ, ಉರಿದ ಹಾಗೆ ಅನ್ನುತ್ತಾರೆ. ಅದು ಎಡಗೈಗೆ, ಎರಡೂ ಕೈಗೆ, ದವಡೆಗೆ, ಬೆನ್ನಿಗೆ, ಮೇಲ್ಹೊಟ್ಟೆಗೆ ಹರಿಯಬಹುದು. ಜೊತೆಗೆ ತಣ್ಣನೆ ಬೆವರು, ಏದುಸಿರು, ವಾಕರಿಕೆ. ಶುಗರ್ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ವಿಪರೀತ ಸುಸ್ತು ಅಥವಾ ಉಸಿರು ಕಟ್ಟುವುದು ಮಾತ್ರ ಕಾಣಿಸಬಹುದು. ಹೆಂಗಸರ ವಿಷಯದಲ್ಲಿ "ಟೆನ್ಷನ್ ಮಾಡ್ಕೊಂಡಿದ್ದಾಳೆ ಅಷ್ಟೇ" ಅಂತ ಪಕ್ಕಕ್ಕೆ ಸರಿಸುವುದು ಇನ್ನೂ ಹೋಗಿಲ್ಲ. ದಯವಿಟ್ಟು ಬಿಡಿ.

ಗ್ಯಾಸೋ ಹೃದಯವೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡುವುದು ಆಗದ ಕೆಲಸ. ಅದಕ್ಕೆ ಇಸಿಜಿ ಬೇಕು. ನಡೆದಾಗ ಬಂದು, ನಿಂತರೆ ಐದು ನಿಮಿಷದಲ್ಲಿ ಹೋಗುವ ಹಳೆಯ ನೋವಾದರೆ ಬೇಗ ಡಾಕ್ಟರಿಗೆ ತೋರಿಸಬೇಕು. ಅದೇ ನೋವು ಹೊಸದಾಗಿ ಶುರುವಾಗಿದ್ದರೆ, ಸುಮ್ನೆ ಕೂತಾಗಲೂ ಬಂದರೆ, ಅಥವಾ ವಿಶ್ರಾಂತಿ ಪಡೆದರೂ ಹೋಗದಿದ್ದರೆ ಅದು ತುರ್ತು.

ಹೆಜ್ಜೆ 2: ಕೂತುಕೊಳ್ಳಿ, ಆಂಬುಲೆನ್ಸ್ ಕರೆಯಿರಿ

ಮಾಡುತ್ತಿದ್ದ ಕೆಲಸ ಅಲ್ಲೇ ಬಿಡಿ. ಮೆಟ್ಟಿಲು ಹತ್ತಿ ಇಳಿಯಬೇಡಿ. ಹೃದಯ ಎಷ್ಟು ಕಡಿಮೆ ದುಡಿಯುತ್ತದೋ ಅಷ್ಟು ಕಡಿಮೆ ಆಕ್ಸಿಜನ್ ಸಾಕು. ಟೈಮ್ ಎಷ್ಟು ಅಂತ ನೋಡಿಟ್ಟುಕೊಳ್ಳಿ, ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಅದನ್ನೇ. ನೀವೇ ಗಾಡಿ ಓಡಿಸಿಕೊಂಡು ಹೋಗುವ ಸಾಹಸ ಬೇಡ, ಏಕೆಂದರೆ ಶುರುವಿನ ಗಂಟೆಯಲ್ಲೇ ಹೃದಯದ ಬಡಿತ ಹದ ತಪ್ಪಿ ನಿಂತುಹೋಗುವ ಅಪಾಯ ಜಾಸ್ತಿ. ಆಂಬುಲೆನ್ಸ್‌ನಲ್ಲಿ ಶಾಕ್ ಕೊಡುವ ಯಂತ್ರ ಇದ್ದರೆ ಅದು ಅಲ್ಲೇ ಜೀವ ಉಳಿಸುತ್ತದೆ.

ಪಕ್ಕದಲ್ಲಿರುವವರಿಗೆ ಒಂದು ಮಾತು. ವ್ಯಕ್ತಿ ಪ್ರಜ್ಞೆ ತಪ್ಪಿ ಸರಿಯಾಗಿ ಉಸಿರಾಡದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಾ ಇರಿ. ಸಹಾಯ ಬರುವವರೆಗೂ ನಿಲ್ಲಿಸಬೇಡಿ. ಒಬ್ಬರೇ ಇದ್ದಾಗ ಜೋರಾಗಿ ಕೆಮ್ಮಿದರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತದೆ ಅನ್ನುವ ಮೆಸೇಜ್ ನಿಮಗೂ ಬಂದಿರುತ್ತದೆ, ಅಲ್ವಾ? ಕೆಮ್ಮಿನಿಂದ ಮುಚ್ಚಿದ ನಾಳ ತೆರೆಯುವುದಿಲ್ಲ. ಕೆಮ್ಮುತ್ತಾ ಕೂರುವ ಬದಲು ಆಂಬುಲೆನ್ಸ್‌ಗೆ ಫೋನ್ ಮಾಡಿ.

ಹೆಜ್ಜೆ 3: ಆಸ್ಪಿರಿನ್, ಆದರೆ ಕೇಳಿಕೊಂಡು

ಫೋನ್ ಮಾಡಿದ ಮೇಲೆ, ಆ ಕಡೆಯವರು ಸರಿ ಅಂದರೆ, 300 ಮಿಲಿಗ್ರಾಂ ಆಸ್ಪಿರಿನ್ ಅನ್ನು ಚೆನ್ನಾಗಿ ಅಗಿದು ನುಂಗಿ. ಹಾಗೇ ನುಂಗಿದರೆ ಕೆಲಸ ಶುರುವಾಗುವುದು ತಡ. ಇದು ಹೆಪ್ಪು ಕರಗಿಸುವುದಿಲ್ಲ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಹೆಪ್ಪು ದೊಡ್ಡದಾಗುವುದನ್ನು ತಡೆಯುತ್ತದೆ. 1988ರಲ್ಲಿ ಹೊರಬಂದ ಐಸಿಸ್-2 ಅಧ್ಯಯನದಲ್ಲಿ 17,187 ರೋಗಿಗಳಿದ್ದರು. ಬರೀ ಆಸ್ಪಿರಿನ್‌ನಿಂದಲೇ ಐದು ವಾರದೊಳಗಿನ ಸಾವು ಶೇ 23ರಷ್ಟು ಕಡಿಮೆಯಾಗಿತ್ತು. ಅಷ್ಟು ಸಾಧಾರಣ ಮಾತ್ರೆ!

ಆಸ್ಪಿರಿನ್ ಅಲರ್ಜಿ ಇದ್ದರೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರುತ್ತಿದ್ದರೆ, ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದರೆ ಬೇಡ. ಎದೆಯಿಂದ ಬೆನ್ನಿಗೆ ಸೀಳಿಕೊಂಡು ಹೋದಂಥ ನೋವಾದರೆ ಅದು ಮಹಾಧಮನಿಯ ಗೋಡೆ ಬಿರಿದದ್ದೂ ಇರಬಹುದು, ಆಗಲೂ ಬೇಡ. ಮತ್ತೆ, ಚೆನ್ನಾಗಿರುವವರು ಈ ಲೇಖನ ಓದಿ ನಾಳೆಯಿಂದ ದಿನಾ ಒಂದು ಆಸ್ಪಿರಿನ್ ಶುರು ಮಾಡಬೇಡಿ, ಅದು ಬೇರೆಯೇ ಲೆಕ್ಕ.

ನಾಲಿಗೆ ಕೆಳಗೆ ಇಡುವ ಮಾತ್ರೆ ಪಕ್ಕದ ಮನೆಯವರ ಹತ್ತಿರ ಇದೆ ಅಂತ ತಂದು ಇಡುವುದು ಇನ್ನೊಂದು ಅಪಾಯ. ಅದು ಬಿಪಿ ಇಳಿಸುತ್ತದೆ. ಬಿಪಿ ಮೊದಲೇ ಕಡಿಮೆ ಇದ್ದರೆ ಅಥವಾ ಒಂದೆರಡು ದಿನದಲ್ಲಿ ಸಿಲ್ಡೆನಾಫಿಲ್ (ವಯಾಗ್ರ) ಥರದ ಮಾತ್ರೆ ತಗೊಂಡಿದ್ದರೆ ಪ್ರಾಣಕ್ಕೇ ಬರಬಹುದು. ಡಾಕ್ಟರ್ ನಿಮಗೇ ಅಂತ ಬರೆದುಕೊಟ್ಟಿದ್ದರೆ ಮಾತ್ರ.

ಹೆಜ್ಜೆ 4: ಆಸ್ಪತ್ರೆಯಲ್ಲಿ ನಿಮ್ಮ ಪಾಲಿನ ಕೆಲಸ

ಒಳಗೆ ಹೋದ ಹತ್ತು ನಿಮಿಷದಲ್ಲಿ ಇಸಿಜಿ ಆಗಬೇಕು. "ಎದೆನೋವು, ಇಷ್ಟು ಗಂಟೆಗೆ ಶುರುವಾಯಿತು" ಅಂತ ನೇರವಾಗಿ ಹೇಳಿ, ಸಾಲಿನಲ್ಲಿ ಸುಮ್ಮನೆ ಕೂರಬೇಡಿ. ಮೊದಲ ಇಸಿಜಿ ನಾರ್ಮಲ್ ಬಂತು ಅಂತ ಮನೆಗೆ ಹೊರಡುವುದೂ ತಪ್ಪು. ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆ ಕೂಡ ಶುರುವಿನ ಗಂಟೆಗಳಲ್ಲಿ ಏರಿರದೆ ಇರಬಹುದು. ಅದಕ್ಕೇ ಎರಡನ್ನೂ ಮತ್ತೆ ಮಾಡುತ್ತಾರೆ.

ನಾಳ ಪೂರ್ತಿ ಮುಚ್ಚಿದೆ ಅಂತ ಗೊತ್ತಾದರೆ ದಾರಿ ಎರಡು: ಬಲೂನ್ ಹಾಕಿ ತೆರೆದು ಸ್ಟೆಂಟ್ ಇಡುವ ಆಂಜಿಯೋಪ್ಲಾಸ್ಟಿ, ಇಲ್ಲವೇ ಹೆಪ್ಪು ಕರಗಿಸುವ ಇಂಜೆಕ್ಷನ್. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಾದರೆ ಅದೇ ಮೇಲು. ಆ ಸೌಕರ್ಯ ದೂರ ಇದ್ದರೆ ಮೊದಲು ಇಂಜೆಕ್ಷನ್ ಕೊಟ್ಟು ಆಮೇಲೆ ಕಳಿಸುತ್ತಾರೆ. ಇಲ್ಲಿ ಸಮಯ ಹಾಳಾಗುವುದು ಬಹಳ ಸಲ ಸಹಿ ಹಾಕುವಾಗ. ಅಣ್ಣ ಬರಲಿ, ಮಾವ ಬರಲಿ, ಎಲ್ಲರೂ ಸೇರಿ ಯೋಚನೆ ಮಾಡೋಣ ಅಂತ ಕಾಯುವಷ್ಟು ಹೊತ್ತೂ ಆ ಅಲೆ ಹೊರಪದರದ ಕಡೆ ಸರಿಯುತ್ತಲೇ ಇರುತ್ತದೆ.

ಒಂದು ವಿಚಿತ್ರ ಸಂಗತಿ

ರಕ್ತ ವಾಪಸ್ ಬಂದ ಕೂಡಲೇ ಎಲ್ಲ ಸರಿ ಅಂದುಕೊಳ್ಳುತ್ತೇವೆ. ಹಾಗಲ್ಲ. ಹಸಿದು ಸೋತ ಜೀವಕೋಶಕ್ಕೆ ಆಕ್ಸಿಜನ್ ಒಮ್ಮೆಲೇ ನುಗ್ಗಿದಾಗ, ಒಳಗೆ ಕ್ಯಾಲ್ಸಿಯಂ ತುಂಬಿ, ಹಾನಿಕಾರಕ ಕಣಗಳು ಎದ್ದು ಇನ್ನೊಂದಿಷ್ಟು ಕೋಶಗಳು ಸಾಯುತ್ತವೆ. ಹಾಗಂತ ದಾರಿ ತೆರೆಯದೆ ಬಿಟ್ಟರೆ ಎಲ್ಲವೂ ಸಾಯುತ್ತವೆ.

1986ರಲ್ಲಿ ಮರ್ರಿ, ಜೆನಿಂಗ್ಸ್, ರೈಮರ್ ಇದಕ್ಕಿಂತ ವಿಚಿತ್ರವಾದದ್ದು ಕಂಡರು. ನಾಯಿಯ ಹೃದಯಕ್ಕೆ ಐದು ನಿಮಿಷ ರಕ್ತ ನಿಲ್ಲಿಸಿ, ಐದು ನಿಮಿಷ ಬಿಟ್ಟು, ಹೀಗೆ ನಾಲ್ಕು ಸಲ ಮಾಡಿ, ಆಮೇಲೆ 40 ನಿಮಿಷ ನಿಲ್ಲಿಸಿದರೆ, ಆ ತಾಲೀಮು ಇಲ್ಲದ ಹೃದಯಕ್ಕೆ ಆದ ಹಾನಿಯ ಕಾಲು ಭಾಗದಷ್ಟೇ ಆಯಿತು. ಹೃದಯ ಸಣ್ಣ ಕಷ್ಟದಿಂದ ದೊಡ್ಡ ಕಷ್ಟಕ್ಕೆ ತಯಾರಾಗಿತ್ತು! ಹಾಗಾದರೆ ತೋಳಿಗೆ ಬಿಪಿ ಪಟ್ಟಿ ಬಿಗಿದು ಬಿಟ್ಟು ಮಾಡಿದರೂ ಹೃದಯ ಉಳಿಯುತ್ತದೆಯೇ ಅಂತ ಮನುಷ್ಯರಲ್ಲಿ ನೋಡಿದರು. 5,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2019ರಲ್ಲಿ ಹೊರಬಂದ ಅಧ್ಯಯನದಲ್ಲಿ ಒಂದು ವರ್ಷದ ನಂತರ ಏನೂ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಮನೆಯಲ್ಲಿ ತೋಳಿಗೆ ಪಟ್ಟಿ ಬಿಗಿದು ಪ್ರಯೋಗ ಮಾಡಲು ಹೋಗಬೇಡಿ.

ಹೆಜ್ಜೆ 5: ಉಳಿದ ಸ್ನಾಯು ಕಾಪಾಡುವುದು

ಅಟ್ಯಾಕ್ ಆದ ಎರಡನೇ ದಿನದ ಎಕೋದಲ್ಲಿ ಪಂಪಿಂಗ್ ಕಡಿಮೆ ಅಂತ ಬಂದರೆ ಎದೆಗುಂದಬೇಡಿ. ಬದುಕಿರುವ ಸ್ನಾಯುವೂ ಕೆಲವು ದಿನ, ವಾರ ಮಂಕು ಹಿಡಿದ ಹಾಗೆ ಇರುತ್ತದೆ, ನಿಧಾನಕ್ಕೆ ಚೇತರಿಸಿಕೊಳ್ಳಬಹುದು. ಅದಕ್ಕೇ ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ.

ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆ ಕೊಡುತ್ತಾರೆ, ಸಾಮಾನ್ಯವಾಗಿ ಒಂದು ವರ್ಷದವರೆಗೆ. ಹಲ್ಲು ಕೀಳಿಸಬೇಕು ಅಂತಲೋ ಈಗ ಆರಾಮಾಗಿದ್ದೇನೆ ಅಂತಲೋ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ಕೆಟ್ಟ ಕೊಬ್ಬು ಎಲ್‌ಡಿಎಲ್ 70ಕ್ಕಿಂತ ಕೆಳಗೆ, ಎಷ್ಟೋ ಡಾಕ್ಟರ್‌ಗಳ ಪ್ರಕಾರ 55ಕ್ಕಿಂತ ಕೆಳಗೆ ಇರಬೇಕು. ಸಿಗರೇಟು ಕಡಿಮೆ ಮಾಡುವುದಲ್ಲ, ಪೂರ್ತಿ ಬಿಡುವುದು. ನಡಿಗೆ ಡಾಕ್ಟರ್ ಹೇಳಿದಷ್ಟರಿಂದ ಶುರು ಮಾಡಿ.

ಕೊನೆಗೆ ಇವತ್ತೇ ಮಾಡಬಹುದಾದ ಸಣ್ಣ ಕೆಲಸ. ತಗೊಳ್ಳುವ ಮಾತ್ರೆಗಳ ಪಟ್ಟಿ ಮತ್ತು ಚೆನ್ನಾಗಿದ್ದಾಗ ತೆಗೆಸಿದ ಇಸಿಜಿ, ಎರಡರ ಫೋಟೋ ಫೋನಿನಲ್ಲಿಡಿ. ತುರ್ತು ಘಟಕದ ಡಾಕ್ಟರಿಗೆ ಹಳೆಯ ಇಸಿಜಿ ಸಿಕ್ಕಿದರೆ ಯಾವ ಬದಲಾವಣೆ ಹೊಸದು ಅಂತ ಹೋಲಿಸಿ ನೋಡಬಹುದು. ಫೋನಿನ ಲಾಕ್ ತೆಗೆಯುವುದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಲಿ.