ಆಫೀಸಿಗೆ ಹೋಗುವ ಸ್ವಿಫ್ಟ್‌ನಲ್ಲೇ ರ‍್ಯಾಲಿ ಓಡಿಸಿದೆ

ರ‍್ಯಾಲಿ ಅಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ಸ್ಪೀಡು ಅಂತಲೇ. ನಾನು ಓಡಿಸುವ ರ‍್ಯಾಲಿಯಲ್ಲಿ ಬಹಳ ಕಡೆ ಸರಾಸರಿ ವೇಗ ಗಂಟೆಗೆ 36 ಕಿ.ಮೀ. ಊರೊಳಗೆ 24. ಖಾಲಿ ರಸ್ತೆ ಸಿಕ್ಕರೆ 45. ಇಷ್ಟೇನಾ ಅಂತ ಕೇಳಿದವರಿಗೆ ನಿರಾಸೆಯಾಗುತ್ತದೆ. ಆದರೆ ಗುಂಡಿ, ಹಂಪು, ಕುರಿ ಹಿಂಡು, ಎರಡು ಟ್ರೈಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್, ಇವೆಲ್ಲದರ ನಡುವೆ ಆ 36ನ್ನು ಸೆಕೆಂಡ್ ಲೆಕ್ಕದಲ್ಲಿ ಕಾಯ್ದುಕೊಂಡು ಹೋಗಬೇಕು. ಸ್ಟೇರಿಂಗ್ ಹಿಡಿದು ನಾನು ಮಾಡಿದ ಕೆಲಸಗಳಲ್ಲೇ ಇದು ಕಷ್ಟದ್ದು. ಖುಷಿ ಕೊಟ್ಟಿದ್ದೂ ಇದೇ.

ಇದಕ್ಕೆ ಟಿಎಸ್‌ಡಿ ರ‍್ಯಾಲಿ ಅನ್ನುತ್ತಾರೆ. ಟೈಮ್, ಸ್ಪೀಡ್, ಡಿಸ್ಟೆನ್ಸ್. ಸಾಮಾನ್ಯ ರಸ್ತೆಯಲ್ಲಿ, ದಿನದ ಟ್ರಾಫಿಕ್ ನಡುವೆಯೇ ನಡೆಯುತ್ತದೆ. ಕಾರುಗಳನ್ನು ಒಂದೊಂದು ನಿಮಿಷ ಬಿಟ್ಟು ಕಳಿಸುತ್ತಾರೆ. ಎಲ್ಲಿಂದ ಎಲ್ಲಿಯವರೆಗೆ ಯಾವ ಸರಾಸರಿ ಅಂತ ಆಯೋಜಕರು ಕೊಡುವ ದಾರಿಯ ಚಾರ್ಟಿನಲ್ಲಿ ಬರೆದಿರುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಗಡಿಯಾರ ಹಿಡಿದವರು ಕೂತಿರುತ್ತಾರೆ. ಅವರು ಎಲ್ಲಿದ್ದಾರೆ ಅಂತ ಮೊದಲೇ ಹೇಳುವುದಿಲ್ಲ. ತಡವಾದರೆ ದಂಡದ ಅಂಕ. ಬೇಗ ಹೋದರೂ ದಂಡ, ನಾವು ಓಡಿಸಿದ ಕಡೆ ಅದು ದುಪ್ಪಟ್ಟು. ಕೊನೆಗೆ ಯಾರ ದಂಡ ಕಡಿಮೆಯೋ ಅವರೇ ಮೊದಲು.

ನನ್ನದು ಪೆಟ್ರೋಲ್ ಸ್ವಿಫ್ಟ್, ಎರಡನೇ ತಲೆಮಾರಿನದು, 1.2 ಲೀಟರ್ ಎಂಜಿನ್. ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಆಫೀಸಿಗೆ ಹೋಗಿಬರುವ ಗಾಡಿ. ಅವ್ವನನ್ನು ದವಾಖಾನೆಗೆ ಕರೆದುಕೊಂಡು ಹೋಗುವುದೂ ಇದರಲ್ಲೇ. ಹಾಗಾಗಿ ಇದನ್ನು ಕುಯ್ದು ರೇಸ್ ಕಾರು ಮಾಡುವ ಮಾತೇ ಇರಲಿಲ್ಲ, ಟಿಎಸ್‌ಡಿಗೆ ಅದರ ಅಗತ್ಯವೂ ಇಲ್ಲ. ಜೋರು ಸದ್ದಿನ ಸೈಲೆನ್ಸರ್, ಅಗಲದ ಟೈರು, ಅಲಾಯ್ ಅಂತ ಹುಡುಗರು ದುಡ್ಡು ಸುರಿಯುವುದನ್ನು ನೋಡಿದಾಗ ನಿಜಕ್ಕೂ ಬೇಜಾರಾಗುತ್ತದೆ. ಅದೇ ದುಡ್ಡಲ್ಲಿ ಒಳ್ಳೆಯ ಶಾಕ್ ಅಬ್ಸಾರ್ಬರ್ ಬರುತ್ತದೆ.

ಹೊಸೂರು ಕಡೆಯ ನಮ್ಮ ಮಿಸ್ತ್ರಿ ಗಾಡಿ ಎತ್ತಿ ನೋಡಿ ಹೇಳಿದ್ದು ಇಷ್ಟೇ: "ಎಂಜಿನ್ ಗಟ್ಟಿ ಐತ್ರಿ ಸಾಹೇಬ್ರ. ಖರ್ಚು ಮಾಡೋದಿದ್ರ ಕೆಳಗ ಮಾಡ್ರಿ." ಅವರ ಮಾತಿನಂತೆ ಮುಂದಿನ ಶಾಕ್‌ಗಳು, ಲೋವರ್ ಆರ್ಮ್ ಬುಶ್, ಲಿಂಕ್ ರಾಡ್ ಬದಲಾಯಿಸಿದೆವು. ಎಂಜಿನ್ ಕೆಳಗೆ ಕಬ್ಬಿಣದ ಗಾರ್ಡ್ ಹಾಕಿಸಿದೆವು. ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್ 170 ಮಿ.ಮೀ., ಗಾರ್ಡ್ ಹಾಕಿದರೆ ಅದರಲ್ಲೂ ಸ್ವಲ್ಪ ಹೋಗುತ್ತದೆ. ಆದರೂ ಹೊಲದ ಪಕ್ಕದ ರಸ್ತೆಯಲ್ಲಿ ಕಲ್ಲು ತಗುಲಿ ಎಂಜಿನ್ ಆಯಿಲ್ ನಿಲ್ಲುವ ಸಂಪ್ ಒಡೆಯುವುದಕ್ಕಿಂತ ಇದೇ ವಾಸಿ. ಆಮೇಲೆ ಅಲೈನ್‌ಮೆಂಟ್, ಬ್ರೇಕ್ ಆಯಿಲ್, ಹೊಸ ವೈಪರ್. ಅಲ್ಲಿಗೆ ಮುಗಿಯಿತು.

ನಿಜವಾದ ಕೆಲಸ ಶುರುವಾಗುವುದು ಮೀಟರಿನಿಂದ. ಸ್ಪೀಡೋಮೀಟರ್ ಯಾವಾಗಲೂ ನಿಜಕ್ಕಿಂತ ಒಂದಿಷ್ಟು ಜಾಸ್ತಿಯೇ ತೋರಿಸುತ್ತದೆ. ಕಡಿಮೆ ತೋರಿಸಬಾರದು ಅಂತ ನಿಯಮವಿರುವುದರಿಂದ ಕಂಪನಿಯವರೇ ಹಾಗೆ ಇಟ್ಟಿರುತ್ತಾರೆ. ಅದಕ್ಕೇ ಮುಳ್ಳನ್ನು ನೋಡಿ ಸರಾಸರಿ ಕಾಯಲು ಆಗುವುದಿಲ್ಲ. ನಂಬಬೇಕಾದದ್ದು ಓಡಿದ ದೂರ ತೋರಿಸುವ ಟ್ರಿಪ್ ಮೀಟರ್. ಆ ಟ್ರಿಪ್ ಮೀಟರಿನ ಲೆಕ್ಕ ನಿಂತಿರುವುದು ಟೈರಿನ ಮೇಲೆ.

ನಮ್ಮ ಗಾಡಿಯ ಟೈರು 165/80 ಆರ್14. ಹೊಸದಿದ್ದಾಗ ವ್ಯಾಸ ಸುಮಾರು 620 ಮಿ.ಮೀ., ಒಂದು ಸುತ್ತಿಗೆ 1.95 ಮೀಟರ್ ದೂರ. ಮೇಲಿನ ರಬ್ಬರ್ 6 ಮಿ.ಮೀ. ಸವೆಯಿತು ಅಂದುಕೊಳ್ಳಿ. ವ್ಯಾಸ 12 ಮಿ.ಮೀ. ಕಡಿಮೆಯಾಯಿತು, ಅಂದರೆ ಹತ್ತಿರ ಹತ್ತಿರ ನೂರಕ್ಕೆ ಎರಡರಷ್ಟು. ಆಗ 50 ಕಿ.ಮೀ. ಓಡಿದರೆ ಮೀಟರ್ 51 ತೋರಿಸುತ್ತದೆ. ದಿನದ ಓಡಾಟದಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ರ‍್ಯಾಲಿಯಲ್ಲಿ 36ರ ಸರಾಸರಿಗೆ ಒಂದು ಕಿಲೋಮೀಟರ್ ಅಂದರೆ 100 ಸೆಕೆಂಡ್! ನಾವು ಸರಿಯಾಗಿದ್ದೇವೆ ಅಂದುಕೊಂಡು ನೂರು ಸೆಕೆಂಡ್ ತಡವಾಗಿ ಹೋಗಿ ನಿಲ್ಲುತ್ತೇವೆ.

ಅದಕ್ಕೆ ನಾನು ಹುಬ್ಬಳ್ಳಿ–ಗದಗ ಹೆದ್ದಾರಿಗೆ ಹೋದೆ. ಅಣ್ಣಿಗೇರಿ ಕಡೆ ಬೆಳವಲದ ಬಯಲಿನಲ್ಲಿ ರಸ್ತೆ ನೇರವಾಗಿದೆ, ಅಳತೆಗೆ ಬಲು ಅನುಕೂಲ. ಬೆಳಿಗ್ಗೆ ಟೈರು ತಣ್ಣಗಿದ್ದಾಗ ಡ್ರೈವರ್ ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಷ್ಟೇ ಗಾಳಿ ಹಾಕಿಸಿದೆ. ಬಿಸಿಯಾದ ಮೇಲೆ ನೋಡಿದರೆ ಲೆಕ್ಕ ತಪ್ಪುತ್ತದೆ. ಟೈರಿನ ಬಿಸಿ ಐದಾರು ಡಿಗ್ರಿ ಏರಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್ಐ ಏರುತ್ತದೆ. ಗದಗದ ಬೇಸಿಗೆಯಲ್ಲಿ ಅದು ಎಲ್ಲಿಗೆ ಹೋಗುತ್ತದೆ ಅಂತ ನೀವೇ ಊಹಿಸಿ. ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲುಗಳನ್ನೂ ಫೋನಿನ ಜಿಪಿಎಸ್ಸನ್ನೂ ಎರಡನ್ನೂ ಹೋಲಿಸಿ ನೋಡಿದೆ. ರಸ್ತೆ ಅಗಲ ಮಾಡುವಾಗ ಕಲ್ಲುಗಳು ಆಚೀಚೆ ಸರಿದಿರುತ್ತವೆ, ಹಾಗಾಗಿ ಒಂದೇ ಕಲ್ಲನ್ನು ನಂಬಬಾರದು. ಉದ್ದ ದೂರ ತೆಗೆದುಕೊಳ್ಳಬೇಕು. ರ‍್ಯಾಲಿ ದಿನ ಆಯೋಜಕರೂ ಶುರುವಿನಲ್ಲೇ ಒಂದು ಅಳೆದ ದೂರ ಕೊಡುತ್ತಾರೆ. ಅವರ 10.0 ಕಿ.ಮೀ.ಗೆ ನಮ್ಮ ಮೀಟರ್ 10.2 ತೋರಿಸಿದರೆ ಗುಣಕ 1.02. ಚಾರ್ಟಿನಲ್ಲಿ 24.5ಕ್ಕೆ ತಿರುವು ಅಂತಿದ್ದರೆ ನಮಗದು 25.0.

ಈ ಗುಣಾಕಾರ ಮಾಡುವುದು ನಾನಲ್ಲ, ನನ್ನ ತಂಗಿ. ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಟಿಎಸ್‌ಡಿ ಗೆಲ್ಲಿಸುವುದು ಎಡಗಡೆ ಸೀಟು ಅಂತ ನಾನು ಖಡಾಖಂಡಿತ ಹೇಳುತ್ತೇನೆ. ಸ್ಟೇರಿಂಗ್ ಹಿಡಿದವನು ಹೇಳಿದಷ್ಟು ಮಾಡಿದರೆ ಸಾಕು. ಯಾರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು ಅನ್ನುವುದು ಯಾವ ಕಾರು ಅನ್ನುವುದಕ್ಕಿಂತ ದೊಡ್ಡ ನಿರ್ಧಾರ. ಲೆಕ್ಕ ಬರಬೇಕು, ಧ್ವನಿ ಏರಬಾರದು, ಓದುವಾಗ ತಲೆ ಸುತ್ತಬಾರದು. ಓಡುವ ಗಾಡಿಯಲ್ಲಿ ತಲೆ ಬಗ್ಗಿಸಿ ಕಾಗದ ಓದಿದರೆ ಬಹಳ ಮಂದಿಗೆ ವಾಂತಿ ಬಂದಂತಾಗುತ್ತದೆ. ಇದನ್ನು ರ‍್ಯಾಲಿಗೆ ಮೊದಲೇ ನೋಡಿಕೊಳ್ಳಬೇಕು. ನಮ್ಮ ಕರಾವಳಿಯ ಅಂಚಿನ ಕಾಸರಗೋಡಿನ ಮೂಸಾ ಶರೀಫ್ ಹೆಸರು ಕೇಳಿದ್ದೀರಲ್ವಾ? ಗೌರವ್ ಗಿಲ್ ಪಕ್ಕದಲ್ಲಿ ಕೂತು ರಾಷ್ಟ್ರೀಯ ರ‍್ಯಾಲಿ ಪ್ರಶಸ್ತಿ ಗೆದ್ದವರು. ಗಿಲ್‌ಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು, ರ‍್ಯಾಲಿ ಓಡಿಸುವವರಲ್ಲಿ ಅವರೇ ಮೊದಲಿಗರು. ಅವರ ಓಟವೇ ಬೇರೆ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ರಸ್ತೆಗಳನ್ನು ಬಂದ್ ಮಾಡಿ, ಹೆಲ್ಮೆಟ್ ಹಾಕಿ, ಗಾಡಿಯೊಳಗೆ ಕಬ್ಬಿಣದ ಪಂಜರ ಕಟ್ಟಿ ಹೋಗುವ ಓಟ. ಆದರೆ ಅಲ್ಲೂ ಮುಂದೆ ಏನಿದೆ ಅಂತ ಹೇಳುವುದು ಪಕ್ಕದವರೇ.

ಚಾರ್ಟ್ ಓದುವುದು ಕಷ್ಟವಲ್ಲ. ಪ್ರತಿ ಸಾಲಿಗೆ ಒಂದು ಪುಟ್ಟ ಚಿತ್ರ. ಕೆಳಗಿನ ಚುಕ್ಕಿ ನಾವು ಬಂದ ದಿಕ್ಕು, ಬಾಣದ ತುದಿ ನಾವು ಹೋಗಬೇಕಾದ ದಿಕ್ಕು. ಪಕ್ಕದಲ್ಲಿ ಒಟ್ಟು ದೂರ, ಹಿಂದಿನ ಸಾಲಿನಿಂದ ಇಲ್ಲಿಗೆ ಎಷ್ಟು ದೂರ, ಒಂದು ಗುರುತು. ಅಭ್ಯಾಸಕ್ಕೆ ತಂಗಿ ತಾನೇ ಒಂದು ಚಾರ್ಟ್ ಬರೆದಳು. ಹುಬ್ಬಳ್ಳಿಯಿಂದ ಕುಂದಗೋಳ, ಸಂಶಿ, ಗುಡಗೇರಿ, ಅಲ್ಲಿಂದ ಲಕ್ಷ್ಮೇಶ್ವರ. ಗುರುತುಗಳೆಲ್ಲ ನಮ್ಮವೇ. ಊರ ಅಗಸಿ, ಹನುಮಪ್ಪನ ಗುಡಿ, ಬನ್ನಿ ಗಿಡ, ರೈಲ್ವೆ ಗೇಟ್.

ಟ್ರಿಪ್ ಮೀಟರಿನಲ್ಲಿ ಕಾಣುವ ಕೊನೆಯ ಅಂಕಿ 100 ಮೀಟರ್. 36ರಲ್ಲಿ 100 ಮೀಟರ್ ಹೋಗಲು 10 ಸೆಕೆಂಡ್ ಬೇಕು. ಮೀಟರ್ 12.4 ತೋರಿಸುತ್ತಿದೆ ಅಂದರೆ ನಾವು 12.40ರಲ್ಲೂ ಇರಬಹುದು, 12.49ರಲ್ಲೂ ಇರಬಹುದು. ಆದ್ದರಿಂದ ಅಂಕಿ ಬದಲಾಗುವ ಗಳಿಗೆಯಲ್ಲಿ ಮಾತ್ರ ಗಡಿಯಾರ ನೋಡಬೇಕು. ನಮ್ಮಲ್ಲಿ ಅದು ನನ್ನ ಕೆಲಸ. ಕಿಲೋಮೀಟರ್ ತುಂಬಿದ ಕೂಡಲೇ "ಹೂಂ" ಅನ್ನುತ್ತೇನೆ. ತಂಗಿ ಗಡಿಯಾರ ನೋಡಿ, ಪಟ್ಟಿ ನೋಡಿ ಹೇಳುತ್ತಾಳೆ: "ಅಣ್ಣಾ, ನಾಕ್ ಸೆಕೆಂಡ್ ಮುಂದ ಅದೀವಿ. ಸ್ವಲ್ಪ ಸಾವಕಾಶ." ಅದಕ್ಕಿಂತ ಜಾಸ್ತಿ ಮಾತು ಬೇಡ. ಗಾಡಿಯಲ್ಲಿ ಹಾಡು ಬಂದ್, ಫೋನ್ ಬಂದ್.

ಆ ಪಟ್ಟಿಯನ್ನು ಮನೆಯಲ್ಲೇ ಬರೆದಿಟ್ಟುಕೊಳ್ಳಬೇಕು. 30ಕ್ಕೆ ಕಿಲೋಮೀಟರಿಗೆ 120 ಸೆಕೆಂಡ್, 36ಕ್ಕೆ 100, 40ಕ್ಕೆ 90, 45ಕ್ಕೆ 80, 48ಕ್ಕೆ 75. ಇವು ಸುಲಭ, ಬಾಯಿಗೆ ಬರುತ್ತವೆ. ಆಯೋಜಕರು ಬೇಕಂತಲೇ 42 ಕೊಡುತ್ತಾರೆ. ಆಗ 85.7 ಸೆಕೆಂಡ್. ಓಡುವ ಗಾಡಿಯಲ್ಲಿ ಇದನ್ನು ಏಳರಿಂದ, ಎಂಟರಿಂದ ಗುಣಿಸುತ್ತಾ ಕೂರಲು ಆಗುವುದಿಲ್ಲ. ತಂಗಿ 20ರಿಂದ 50ರವರೆಗೆ ಎಲ್ಲ ವೇಗಕ್ಕೂ ಪಟ್ಟಿ ಮಾಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಟ್ಟಿದ್ದಾಳೆ.

ತಡವಾದರೆ ಹೇಗೆ ಹಿಡಿಯುವುದು? ಇದು ಬಹಳ ಮುಖ್ಯ. ಸಂಶಿ ದಾಟಿದ ಮೇಲೆ ಕುರಿ ಹಿಂಡು ಅಡ್ಡ ಬಂತು, 30 ಸೆಕೆಂಡ್ ಹೋಯಿತು ಅನ್ನೋಣ. ಎಕ್ಸಲರೇಟರ್ ಒತ್ತಿ 80ಕ್ಕೆ ಹಾರುವುದು ದಡ್ಡತನ, ಅಪಾಯ ಕೂಡ. 36ರ ಬದಲು 45ರಲ್ಲಿ ಹೋದರೆ ಪ್ರತಿ ಕಿಲೋಮೀಟರಿಗೆ 20 ಸೆಕೆಂಡ್ ವಾಪಸ್ ಬರುತ್ತದೆ. ಒಂದೂವರೆ ಕಿಲೋಮೀಟರಿನಲ್ಲಿ 30 ಸೆಕೆಂಡ್ ತೀರಿತು. ಇಷ್ಟೇ ಲೆಕ್ಕ. ಇದು ಕೈಗೆ ಹತ್ತಿದ ಮೇಲೆ ಆಫೀಸಿನ ದಾರಿಯಲ್ಲೂ ನನ್ನ ಓಡಿಸುವ ರೀತಿ ಬದಲಾಗಿದೆ. ನವಲೂರು ಹತ್ತಿರ ಯಾರೋ ನುಗ್ಗಿ ಮುಂದೆ ಹೋದರೆ ನನಗೀಗ ಏನೂ ಅನಿಸುವುದಿಲ್ಲ.

ನಮ್ಮ ಕಡೆಯ ರಸ್ತೆಗಳ ಬಗ್ಗೆ ಒಂದು ಮಾತು. ಧಾರವಾಡದ ದಕ್ಷಿಣಕ್ಕೆ, ಕಲಘಟಗಿ ಕಡೆ ಹೋದರೆ ಕೆಂಪು ಮಣ್ಣು. ಪೂರ್ವಕ್ಕೆ ನವಲಗುಂದ, ಗದಗ ಕಡೆ ಎರೆ ಮಣ್ಣು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರೂ ಅದರ ಜತೆ ಏಳುತ್ತದೆ, ಇಳಿಯುತ್ತದೆ. ಗುಂಡಿ ಒಂದೂ ಇಲ್ಲದ ರಸ್ತೆಯೂ ಗಾಡಿಯನ್ನು ತೊಟ್ಟಿಲಿನ ಹಾಗೆ ತೂಗುತ್ತದೆ. ಸವೆದ ಶಾಕ್ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ರಸ್ತೆ ಬಿಟ್ಟು ಬದಿಗೆ ಚಕ್ರ ಇಳಿಸಲೇಬಾರದು. ಮಣ್ಣು ಟೈರಿಗೆ ಮೆತ್ತಿಕೊಂಡು ಚಕ್ರ ಸುಮ್ನೆ ತಿರುಗುತ್ತಿರುತ್ತದೆ, ಗಾಡಿ ಕದಲುವುದಿಲ್ಲ. ಪಂಕ್ಚರ್ ಆದರೆ ಜಾಕ್ ನೇರ ಮಣ್ಣಿಗೆ ಇಳಿಯುತ್ತದೆ. ಅದಕ್ಕೆ ಡಿಕ್ಕಿಯಲ್ಲಿ ಒಂದು ದಪ್ಪ ಹಲಗೆ ತುಂಡು ಇಟ್ಟಿದ್ದೇನೆ. ಜಾಕಿನ ಕೆಳಗೆ ಹಾಕಲು ಅದಕ್ಕಿಂತ ಒಳ್ಳೆಯದು ಇಲ್ಲ.

ಸುಗ್ಗಿಯಲ್ಲಿ ಇನ್ನೊಂದು ಎಚ್ಚರ. ರಾಶಿ ಮಾಡಲು ಹುರುಳಿ, ಹೆಸರು, ಕಡಲೆ ಗಿಡಗಳನ್ನು ರಸ್ತೆಗೆ ಹಾಸಿರುತ್ತಾರೆ. ಅದರ ಮೇಲೆ ಹೋದರೆ ಬಳ್ಳಿ ಡ್ರೈವ್ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಸೈಲೆನ್ಸರ್ ಪೈಪಿನ ಕಾವಿಗೆ ಒಣ ಹೊಟ್ಟು ಹೊತ್ತಿಕೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ ಹೀಗೆ ಕಾರುಗಳು ಸುಟ್ಟು ಹೋಗಿವೆ. ಹಾಸು ದಾಟಿದ ಮೇಲೆ ನಾನು ಗಾಡಿ ನಿಲ್ಲಿಸಿ ಕೆಳಗೆ ಬಗ್ಗಿ ನೋಡುತ್ತೇನೆ, ರ‍್ಯಾಲಿಯಲ್ಲಿದ್ದರೂ ಸರಿ. ಆ ಸೆಕೆಂಡುಗಳನ್ನು ಮುಂದೆ ಹಿಡಿಯಬಹುದು. ಬೆಂಕಿ ಆರಿಸುವ ಸಿಲಿಂಡರ್ ಡಿಕ್ಕಿಯಲ್ಲಿ ಇಡಬೇಡಿ, ಕೈಗೆ ಸಿಗುವಂತೆ ಸೀಟಿನ ಹತ್ತಿರ ಬಿಗಿದಿಡಿ.

ಇನ್ನು ಕಾಗದ ಪತ್ರ. ಇದನ್ನು ಬಹಳ ಮಂದಿ ನೋಡುವುದೇ ಇಲ್ಲ. ನಿಮ್ಮ ಕಾರಿನ ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ. ಬಾಡಿಗೆ, ಸಂಘಟಿತ ರೇಸ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ಗಾಡಿ ಎಷ್ಟು ತಾಳುತ್ತದೆ ಅಂತ ನೋಡುವ ಓಟ) ಇವಕ್ಕೆ ಪಾಲಿಸಿ ಅನ್ವಯಿಸುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ರ‍್ಯಾಲಿಗೆ ಅಂತ ಬೇರೆಯದೇ ಸೇರ್ಪಡೆ ಇದೆ, ಐಎಂಟಿ 31. ಅದರ ಬಗ್ಗೆ ಇನ್ಶೂರೆನ್ಸ್ ಕಂಪನಿಗೆ ಪತ್ರ ಬರೆದು ಕೇಳಿ. ಬರೀ ಬಾಯಿಮಾತು ಬೇಡ. ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ ಎಫ್‌ಎಂಎಸ್‌ಸಿಐ ಮಾನ್ಯತೆ ಕೊಟ್ಟ ರ‍್ಯಾಲಿಯಾದರೆ ಅವರ ಲೈಸೆನ್ಸ್ ಬೇಕು. ಆಯೋಜಕರ ಹತ್ತಿರ ಪೊಲೀಸರ ಅನುಮತಿ ಇದೆಯಾ ಅಂತ ಕೇಳಲು ಸಂಕೋಚ ಬೇಡ.

ರಾತ್ರಿ ಬೈಪಾಸಿನಲ್ಲಿ ಪಂದ್ಯ ಕಟ್ಟಿ ಓಡಿಸುವ ಹುಡುಗರಿಗೂ ಇದನ್ನೇ ಹೇಳುತ್ತೇನೆ. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. 2019ರ ತಿದ್ದುಪಡಿ ಆದಮೇಲೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತ ದೊಡ್ಡದು ಎದುರಿಗೆ ಬರುವವರ ಜೀವ. ಓಡಿಸುವ ಹುಮ್ಮಸ್ಸು ಇದ್ದರೆ ಭಾನುವಾರ ಬೆಳಿಗ್ಗೆ ಒಂದು ಚಾರ್ಟ್ ಹಿಡಿದು ಬನ್ನಿ, ನಮ್ಮ ಜತೆ ಲಕ್ಷ್ಮೇಶ್ವರಕ್ಕೆ ಹೋಗಿಬರೋಣ.

ರ‍್ಯಾಲಿ ಮುಗಿದ ಮರುದಿನ ಗಾಡಿಗೆ ಮಾಡುವ ಕೆಲಸ ಜಾಸ್ತಿ ಏನಿಲ್ಲ. ಕೆಳಭಾಗ ನೀರಿನಿಂದ ತೊಳೆಸುತ್ತೇನೆ. ಚಕ್ರದ ಒಳಬದಿಯಲ್ಲಿ ಎರೆ ಮಣ್ಣು ಒಣಗಿ ಕೂತರೆ ಹೆದ್ದಾರಿಯಲ್ಲಿ ಸ್ಟೇರಿಂಗ್ ನಡುಗುತ್ತದೆ. ಬಹಳ ಮಂದಿ ಅದಕ್ಕೆ ಸುಮ್ನೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ ದುಡ್ಡು ಕೊಡುತ್ತಾರೆ. ಏರ್ ಫಿಲ್ಟರ್ ತೆಗೆದು ಧೂಳು ಕೊಡವುತ್ತೇನೆ, ಬಹಳ ಕಪ್ಪಾಗಿದ್ದರೆ ಹೊಸದು. ಗಾರ್ಡಿನ ಬೋಲ್ಟು ಬಿಗಿ ನೋಡುತ್ತೇನೆ. ಆಮೇಲೆ ಮಾಮೂಲಿನಂತೆ ಆಫೀಸು.

ಮುಂದಿನ ಸಲ ಸೀಟು ಅದಲು ಬದಲು ಅಂತ ತಂಗಿ ಹೇಳಿದ್ದಾಳೆ. ಅವಳು ಸ್ಟೇರಿಂಗ್, ನಾನು ಚಾರ್ಟು. ಅವಳ ಕೈ ನನಗಿಂತ ಹಗುರ, ಬ್ರೇಕ್ ಕಡಿಮೆ ಹಿಡಿಯುತ್ತಾಳೆ, ಚೆನ್ನಾಗಿಯೇ ಓಡಿಸುತ್ತಾಳೆ ಅನ್ನುವ ನಂಬಿಕೆ ನನಗಿದೆ. ಈಗ ಪಟ್ಟಿ ಬಾಯಿಪಾಠ ಮಾಡುವ ಸರದಿ ನನ್ನದು. 24ಕ್ಕೆ ಕಿಲೋಮೀಟರಿಗೆ 150 ಸೆಕೆಂಡ್, 27ಕ್ಕೆ 133.3.