ಪಟ್ ಕಲಿಯಬೇಕಾ? ಮೊದಲು ದೂರ ಹಿಡಿಯಿರಿ

2021ರ ಆಗಸ್ಟ್ 7, ಶನಿವಾರ. ಗಾಲ್ಫ್‌ನಲ್ಲಿ ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಡಿಮೆಯಲ್ಲಿ ಹೋಲ್ ಮುಗಿಸುವುದು) ಅಂದರೇನು ಅಂತ ಗೊತ್ತಿಲ್ಲದವರೂ ಅವತ್ತು ಬೆಳಿಗ್ಗೆ ಟಿವಿ ಮುಂದೆ ಕೂತಿದ್ದರು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಪದಕಕ್ಕೆ ಆಡುತ್ತಿದ್ದರು, ಬ್ಯಾಗ್ ಹೊತ್ತು ಜೊತೆಗಿದ್ದದ್ದು ಅವರ ಅಮ್ಮ. ವಿಶ್ವ ರ‍್ಯಾಂಕಿಂಗ್ 200. ಡ್ರೈವ್‌ನಲ್ಲಿ, ಅಂದರೆ ಹೋಲಿನ ಮೊದಲ ಉದ್ದ ಹೊಡೆತದಲ್ಲಿ, ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೊರ್ಡಾಗಿಂತ ಎಷ್ಟೋ ಗಜ ಹಿಂದೆ. ಆದರೂ ಕೊನೆಯ ಹೋಲ್‌ವರೆಗೂ ಪೈಪೋಟಿಯಲ್ಲಿ ಇದ್ದರಲ್ಲ, ಅದು ಪಟರ್‌ನಿಂದ, ಅಂದರೆ ಚೆಂಡನ್ನು ಮೆಲ್ಲಗೆ ಹೋಲಿಗೆ ಉರುಳಿಸುವ ಕೋಲಿನಿಂದ. ಆ ಹೊಡೆತವೇ ಪಟ್.

ನಮ್ಮಂಥವರಿಗೆ ಇದು ಖುಷಿಯ ಸುದ್ದಿ. ತೋಳಲ್ಲಿ ಬಲ ಇಲ್ಲದಿದ್ದರೂ ಪಟ್ ಕಲಿಯಬಹುದು. ಲೆಕ್ಕ ನೋಡಿ: 18 ಹೋಲ್‌ಗೆ ನಿಗದಿಯಾದ 72 ಹೊಡೆತದಲ್ಲಿ (ಪಾರ್ 72) ಹೋಲಿಗೆ ಎರಡರಂತೆ 36 ಹೊಡೆತ ಪಟ್‌ಗೇ ಮೀಸಲು. ನಾವು ಮಾತ್ರ ಅಭ್ಯಾಸದ ರೇಂಜ್‌ನಲ್ಲಿ ನೂರು ಬಾಲ್ ಡ್ರೈವರ್‌ನಿಂದ ಬಾರಿಸಿ ಮನೆಗೆ ಹೋಗುತ್ತೇವೆ.

ಹಿಡಿತದಿಂದ ಶುರು ಮಾಡಿ. ಕತ್ತರಿಸಿದ ಹಾಲಿನ ಪ್ಯಾಕೆಟ್ ಹೇಗೆ ಹಿಡಿಯುತ್ತೀರಿ? ಬಿಗಿ ಜಾಸ್ತಿಯಾದರೆ ಚಿಮ್ಮುತ್ತದೆ, ಸಡಿಲವಾದರೆ ಬೀಳುತ್ತದೆ. ಅಷ್ಟೇ ಬಿಗಿ ಸಾಕು. ಕಣ್ಣು ಚೆಂಡಿನ ಮೇಲೆ ನೇರ ಇದೆಯಾ ಅಂತ ನೋಡಲು ಮೂಗಿನ ಬುಡದಿಂದ ಇನ್ನೊಂದು ಚೆಂಡು ಕೆಳಗೆ ಬಿಡಿ, ಅದು ಇಟ್ಟ ಚೆಂಡಿನ ಮೇಲೋ ಒಂಚೂರು ಒಳಗೋ ಬೀಳಬೇಕು. ಆಮೇಲೆ ಮಣಿಕಟ್ಟು ಸುಮ್ನಿರಲಿ, ಭುಜ ಮಾತ್ರ ತೊಟ್ಟಿಲು ತೂಗಿದ ಹಾಗೆ ಆಡಲಿ.

ಈಗ ಮುಖ್ಯ ವಿಷಯ. ಒಂದೇ ಹೋಲಿಗೆ ಮೂರು ಪಟ್ ಆಗುವುದು ಹೆಚ್ಚಾಗಿ ದಿಕ್ಕು ತಪ್ಪಿ ಅಲ್ಲ, ದೂರ ತಪ್ಪಿ. ಮೂವತ್ತು ಅಡಿಯಿಂದ ದಿಕ್ಕಿನಲ್ಲಿ ಒಂದಡಿ ತಪ್ಪಿದರೆ ನಡೆಯುತ್ತದೆ, ದೂರದಲ್ಲಿ ಆರಡಿ ತಪ್ಪಿದರೆ ಮತ್ತೆ ಎದೆ ಢವಢವ. ಅದಕ್ಕೆ 10, 20, 30 ಅಡಿಗೆ ಒಂದೊಂದು ಟೀ (ಚೆಂಡು ಇಡುವ ಪುಟ್ಟ ಗೂಟ) ಚುಚ್ಚಿ, ಮೂರು ಮೂರು ಚೆಂಡು ಹೊಡೆಯಿರಿ. ದೂರ ಹೆಚ್ಚಿದಂತೆ ಜೋರಾಗಿ ಹೊಡೆಯಬೇಡಿ, ಪಟರ್ ಹಿಂದಕ್ಕೆ ಹೋಗುವ ಅಳತೆ ಹೆಚ್ಚಿಸಿ, ತಾಳ ಒಂದೇ ಇರಲಿ. ಅಭ್ಯಾಸದ ಬೀಸನ್ನು ಗುರಿ ನೋಡುತ್ತಾ ಮಾಡಿ, ಚೆಂಡು ನೋಡುತ್ತಾ ಅಲ್ಲ. ಕಸದ ಬುಟ್ಟಿಗೆ ಕಾಗದ ಎಸೆಯುವಾಗ ಕೈ ನೋಡಿಕೊಳ್ಳುತ್ತೀವಾ?

ಹೋಲಿನ ಅಗಲ 108 ಮಿಲಿಮೀಟರ್, ಚೆಂಡು ಸುಮಾರು 43. ಜಾಗ ಧಾರಾಳ ಅನ್ನಿಸುತ್ತದೆ, ಆದರೆ ವೇಗವಾಗಿ ಬಂದ ಚೆಂಡು ಅಂಚಿಗೆ ತಾಗಿ ಹೊರಗೆ ಹಾರುತ್ತದೆ. ತಪ್ಪಿದರೂ ಒಂದಡಿ, ಒಂದೂವರೆ ಅಡಿ ಮುಂದೆ ನಿಲ್ಲುವಷ್ಟು ವೇಗ ಸಾಕು.

ಇಳಿಜಾರು ಓದಲು ಅಂಗಳಕ್ಕೆ ನೀರು ಚೆಲ್ಲಿದ್ದೀನಿ ಅಂದುಕೊಳ್ಳಿ. ಎತ್ತ ಹರಿಯುತ್ತದೋ ಚೆಂಡೂ ಅತ್ತಲೇ. ಬರ್ಮುಡಾ ಹುಲ್ಲಾದರೆ ಬಣ್ಣವನ್ನೂ ನೋಡಿ: ನಿಮ್ಮಿಂದ ಹೋಲಿನ ಕಡೆಗೆ ಹುಲ್ಲು ಹೊಳೆದರೆ ಚೆಂಡು ಬೇಗ ಓಡುತ್ತದೆ, ಕಪ್ಪಗೆ ಕಂಡರೆ ನಿಧಾನ. ಬೆಳಗಿನ ಇಬ್ಬನಿಯಲ್ಲಿ ಎಲ್ಲವೂ ನಿಧಾನ.

ಟೋಕಿಯೋದಲ್ಲಿ ಅದಿತಿ ಒಂದೇ ಹೊಡೆತದಿಂದ ಕಂಚು ತಪ್ಪಿಸಿಕೊಂಡರು, ನಾಲ್ಕನೇ ಸ್ಥಾನ. ಬೇರೆ ಟೂರ್ನಿ ಆಗಿದ್ದರೆ ಖುಷಿಪಡುತ್ತಿದ್ದೆ, ಇಲ್ಲಿ ಪದಕ ಇರುವುದೇ ಮೂರು ಅಂತ ಬೇಜಾರನ್ನು ಮುಚ್ಚಿಡದೆ ಹೇಳಿದರು. ನನಗೆ ಆ ಮಾತು ಇಷ್ಟ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಏಳು ಹೊಡೆತದ ಮುನ್ನಡೆ ಇಟ್ಟುಕೊಂಡು ಕೊನೆಯ ದಿನ 77 ಹೊಡೆತ ತೆಗೆದುಕೊಂಡು (ಗಾಲ್ಫ್‌ನಲ್ಲಿ ಕಡಿಮೆ ಹೊಡೆದವರೇ ಮುಂದೆ) ಚಿನ್ನ ಕಳೆದುಕೊಂಡರು, ಬೆಳ್ಳಿ ಬಂತು. ಎರಡು ತಿಂಗಳು ಕಳೆಯುವುದರೊಳಗೆ ಸ್ಪೇನ್‌ನಲ್ಲಿ ಮಹಿಳೆಯರ ಯುರೋಪಿಯನ್ ಟೂರ್ ಪ್ರಶಸ್ತಿ ಗೆದ್ದರು! ನಾನಾದರೆ ಆ ಎರಡು ತಿಂಗಳು ಪಟರ್ ಮುಟ್ಟುತ್ತಿರಲಿಲ್ಲ.

ಹೀಗೆ ತಪ್ಪಿದ್ದನ್ನು ಹೊತ್ತುಕೊಂಡು ಮುಂದಿನ ಹೋಲ್ ಆಡುವುದಕ್ಕೂ ಅಭ್ಯಾಸ ಬೇಕು. ಪ್ರ್ಯಾಕ್ಟೀಸ್ ಗ್ರೀನ್‌ನಲ್ಲಿ (ಪಟ್ ಅಭ್ಯಾಸದ ಹುಲ್ಲುಹಾಸು) ಒಂದೇ ಚೆಂಡು ಇಟ್ಟುಕೊಂಡು ಒಂಬತ್ತು ಹೋಲ್ ಆಡಿ. ತಪ್ಪಿದರೆ ಅದೇ ಜಾಗದಿಂದ ಇನ್ನೊಮ್ಮೆ ಅನ್ನುವ ಹಾಗಿಲ್ಲ, ಚೆಂಡು ಒಳಗೆ ಹಾಕಿ, ಎಣಿಸಿ, ಮುಂದಕ್ಕೆ ನಡೆಯಿರಿ. 18 ಬಂದರೆ ಸಮ. ನನ್ನದು ಇನ್ನೂ 20ರ ಕೆಳಗೆ ಇಳಿದಿಲ್ಲ.