‘ಅವರು’ ಅಂದರೆ ಅವನಾ, ಅವಳಾ?

ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುವುದು ನನ್ನ ಕಸುಬು. ಈಚೆಗೆ ಮೊದಲ ಕರಡನ್ನು ಎಐ ಕೈಯಲ್ಲಿ ಬರೆಸಿಕೊಳ್ಳುತ್ತೇನೆ. ಒಂದು ಸಲ ಆರೋಗ್ಯದ ಕಿರುಹೊತ್ತಿಗೆಯಲ್ಲಿ ‘ಡಾಕ್ಟರ್ ಬಂದರು, ರಿಪೋರ್ಟ್ ನೋಡಿದರು’ ಅಂತಿತ್ತು. ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಡಾಕ್ಟರ್ ಗಂಡಸಾಗಿದ್ದರು, ಪಕ್ಕದ ನರ್ಸ್ ಹೆಂಗಸಾಗಿದ್ದರು. ಮೂಲದಲ್ಲಿ ಇಬ್ಬರಿಗೂ ಬರೀ ‘ಅವರು’. ಎರಡು ಪುಟ ದಾಟಿದ ಮೇಲೆ ನೋಡಿದರೆ, ಡಾಕ್ಟರ್ ಒಬ್ಬ ತಾಯಿ!

ತಿದ್ದಿ ಸುಮ್ನೆ ಇರಬಹುದಿತ್ತು. ಮನಸ್ಸು ಕೇಳಲಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು, ಅದೇ ವಾಕ್ಯದಲ್ಲಿ ಕೆಲಸದ ಹೆಸರು ಮಾತ್ರ ಬದಲಿಸಿ ಕೇಳುತ್ತಾ ಹೋದೆ. ಇಂಜಿನಿಯರ್, ನ್ಯಾಯಾಧೀಶರು, ಅಡುಗೆಯವರು, ಕಂಡಕ್ಟರ್. ಪ್ರತಿ ಸಲವೂ ಹೊಸ ಚಾಟ್. ಹಳೆಯದರಲ್ಲೇ ಕೇಳಿದರೆ ಹಿಂದಿನ ಉತ್ತರದ ವಾಸನೆ ಹೊಸದಕ್ಕೂ ಅಂಟಿಕೊಳ್ಳುತ್ತದೆ.

ಡಾಕ್ಟರ್ ಗಂಡಸಾದ ಕಾರಣ ಗುಟ್ಟೇನಲ್ಲ. ಈ ಮಾಡೆಲ್‌ಗಳು ಮುಂದೆ ಯಾವ ಪದದ ಚೂರು ಬರಬಹುದು ಅಂತ ಲೆಕ್ಕ ಹಾಕುತ್ತವೆ. ನಮ್ಮ ‘ಅವರು’ ಗಂಡು ಹೆಣ್ಣು ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ‘ಹಿ’, ‘ಶಿ’ ಎರಡರಲ್ಲೊಂದು ಹಾಕುವುದು ರೂಢಿ. ಕಲಿತ ಪಠ್ಯದಲ್ಲಿ ಡಾಕ್ಟರ್ ಜೊತೆ ಯಾವುದು ಜಾಸ್ತಿ ಕಂಡಿದೆಯೋ ಅದೇ ಬಂದು ಕೂರುತ್ತದೆ.

ಅಕ್ಷರ ಎಣಿಸುವುದರಲ್ಲಂತೂ ಇನ್ನೂ ತಮಾಷೆ. ಹನ್ನೆರಡು ಅಕ್ಷರ ಮೀರದ ಕನ್ನಡ ಶೀರ್ಷಿಕೆ ಕೊಡು ಅಂದೆ. ಹದಿನೇಳರದ್ದು ಕೊಟ್ಟು ‘ಸರಿಯಾಗಿ ಹನ್ನೆರಡು’ ಅಂದಿತು. ಅದು ಅಕ್ಷರವನ್ನು ನಮ್ಮ ಹಾಗೆ ನೋಡುವುದೇ ಇಲ್ಲ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತಗಳ ಪಟ್ಟಿಯಾದ ಯೂನಿಕೋಡ್‌ನಲ್ಲಿ ಅದು 6 ಸಂಕೇತ: ಸ, ವಿರಾಮ (ಒತ್ತಕ್ಷರ ಕೂಡಿಸುವ ‘್’ ಗುರುತು), ತ, ವಿರಾಮ, ರ, ಈಕಾರದ ಗುರುತು. ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್ ಜಾಗ, ಒಟ್ಟು 18. ಎಐ ಅದನ್ನು ಟೋಕನ್ ಅನ್ನುವ ಚೂರುಗಳಾಗಿ ಕತ್ತರಿಸಿಕೊಂಡು ಓದುತ್ತದೆ. ಪಠ್ಯದಲ್ಲಿ ಪದೇಪದೇ ಜೊತೆಯಾಗಿ ಕಂಡದ್ದು ಒಂದೇ ಚೂರಾಗಿ ಉಳಿಯುತ್ತದೆ. ಕನ್ನಡ ಕಂಡಿರುವುದೇ ಕಡಿಮೆ, ಹಾಗಾಗಿ ನಮ್ಮ ಪದಗಳು ಇಂಗ್ಲಿಷಿಗಿಂತ ಹೆಚ್ಚು ಚೂರಾಗುತ್ತವೆ. ಟೋಕನ್ ಲೆಕ್ಕದಲ್ಲಿ ದುಡ್ಡು ಕಟ್ಟುವವರಿಗೆ ಬಿಲ್ಲೂ ಜಾಸ್ತಿ. ಈಗ ಶೀರ್ಷಿಕೆಯ ಅಕ್ಷರ ನಾನೇ ಬೆರಳು ಮಡಚಿ ಎಣಿಸುತ್ತೇನೆ.

ನನಗೆ ಹೆಚ್ಚು ಪಾಠ ಕಲಿಸಿದ್ದು ‘ಅಲ್ವಾ’. ‘ಈ ಅನುವಾದ ಚೆನ್ನಾಗಿದೆ ಅಲ್ವಾ?’ ಅಂದರೆ ಹೊಗಳಿಕೆಯ ಮಳೆ. ಅದೇ ಸಾಲನ್ನೇ ಹೊಸ ಚಾಟ್‌ನಲ್ಲಿ ಹಾಕಿ ‘ಏನೋ ಸರಿ ಇಲ್ಲ ಅಲ್ವಾ?’ ಅಂದರೆ ಮೂರು ತಪ್ಪು ಸಿದ್ಧ. ಎರಡು ಕರಡು ಕೊಟ್ಟು ಯಾವುದು ಮೇಲು ಅಂತ ಕೇಳಿದಾಗಲೂ ಅಷ್ಟೇ. ಮೊದಲು ಇಟ್ಟದ್ದರ ಕಡೆಗೇ ವಾಲುತ್ತಿತ್ತು. ಈಗ ಅದಲುಬದಲು ಮಾಡಿ ಎರಡು ಸಲ ಕೇಳುತ್ತೇನೆ. ಎರಡೂ ಸಲ ಒಂದೇ ಉತ್ತರ ಬಂದರೆ ಮಾತ್ರ ಕಿವಿಗೊಡುತ್ತೇನೆ.

ಈಗ ಕರಡು ಕೇಳುವ ಮೊದಲು ಯಾರು ಗಂಡು, ಯಾರು ಹೆಣ್ಣು, ಯಾರದು ಗೊತ್ತಿಲ್ಲ ಅಂತ ಮೇಲೆಯೇ ಬರೆದುಬಿಡುತ್ತೇನೆ. ಆ ಕಿರುಹೊತ್ತಿಗೆಗೂ ಹಾಗೆ ಪಟ್ಟಿ ಮಾಡುವಾಗ ನರ್ಸ್ ಹತ್ತಿರ ಪೆನ್ನು ನಿಂತಿತು. ಮೂಲದಲ್ಲಿ ಎಲ್ಲೂ ಹೇಳಿರಲಿಲ್ಲ. ಬರೆದವರಿಗೆ ಫೋನ್ ಮಾಡಿದೆ.

‘ಅಯ್ಯೋ ಮೇಡಂ, ಅವರು ಗಂಡಸು’ ಅಂದರು. ಡಾಕ್ಟರನ್ನು ತಿದ್ದಿದ ನಾನು ನರ್ಸನ್ನು ಹಾಗೇ ಬಿಟ್ಟಿದ್ದೆ.